ಮಾಯೆ, ಮಂತ್ರ, ದಂತಕಥೆಯ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಸಿನಿಮಾ ಬಂದಾಗಲೆಲ್ಲ ಬೆಂಗಳೂರಿನ ಥಿಯೇಟರ್ ಇಂಟರ್‌ವಲ್‌ನಲ್ಲಿ, ಆಫೀಸ್ ಕ್ಯಾಂಟೀನ್‌ನಲ್ಲಿ, ಮನೆಯಲ್ಲಿ ಊಟದ ಹೊತ್ತಿಗೆ ಏಳುವ ಪ್ರಶ್ನೆಗಳಿವು. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಎರಡು ಸಾಲು ಸಾಕು.

ಫ್ಯಾಂಟಸಿ ಅಂದ್ರೆ ಯಾವುದೆಲ್ಲ ಸೇರುತ್ತೆ? ಪೌರಾಣಿಕ ಸಿನಿಮಾನೂ ಫ್ಯಾಂಟಸಿನಾ?

ಇದಕ್ಕೆ ಜಗಳಕ್ಕೇ ನಿಲ್ಲುವವರಿದ್ದಾರೆ. ನಂಬಿಕೆ ಇರುವವರ ಮುಂದೆ ಪ್ರಹ್ಲಾದನ ಕಥೆಯನ್ನು ಫ್ಯಾಂಟಸಿ ಅಂದರೆ ಬೇಜಾರಾಗುತ್ತದೆ, ಅದು ಸಹಜ. ಆದರೆ ಕ್ಯಾಮೆರಾ ಹಿಂದೆ ನಿಂತವರ ಪಾಡು ನೋಡಿ. ಕಂಬ ಒಡೆದು ನರಸಿಂಹ ಬರಬೇಕು, ಮಂತ್ರವಾದಿ ರಾಜಕುಮಾರನನ್ನು ಗಿಣಿ ಮಾಡಬೇಕು, ಚಾಪೆ ಹಾರಬೇಕು. ಮೂರಕ್ಕೂ ಪಡುವ ಕಷ್ಟ ಒಂದೇ. ಹಾಗಾಗಿ ಇಲ್ಲಿ ಪೌರಾಣಿಕ, ಜಾನಪದ, ರಾಜ-ರಾಣಿ-ಮಂತ್ರವಾದಿ ಕಥೆ ಎಲ್ಲವನ್ನೂ ಒಟ್ಟಿಗೆ ಇಟ್ಟಿದ್ದೇನೆ. ರೋಬೋಟ್, ಟೈಮ್ ಮಷೀನ್ ಸಿನಿಮಾಗಳ ದಾರಿ ಬೇರೆ, ಅವು ಇಲ್ಲಿ ಇಲ್ಲ.

ಕನ್ನಡದಲ್ಲಿ ಇಂಥ ಸಿನಿಮಾ ಶುರುವಾಗಿದ್ದು ಯಾವಾಗ?

ಮಾತು ಬಂದ ದಿನವೇ! ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಥಿಯೇಟರ್‌ನಲ್ಲಿ ತೆರೆಕಂಡಿತು. ನಿರ್ದೇಶಕ ವೈ.ವಿ. ರಾವ್. ಶೂಟಿಂಗ್ ಆಗಿದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಕಥಾನಾಯಕಿ ಸುಲೋಚನ, ಅಂದರೆ ಇಂದ್ರಜಿತುವಿನ ಹೆಂಡತಿ. ಇಂದ್ರಜಿತು ಯಾರು ಹೇಳಿ? ಮೋಡದ ಮರೆಯಲ್ಲಿ ನಿಂತು ಕಣ್ಣಿಗೆ ಕಾಣದೆ ಬಾಣ ಬಿಡುವವನು, ಲಂಕೆಯ ಮಹಾ ಮಾಯಾವಿ. ಕನ್ನಡ ಸಿನಿಮಾ ಬಾಯಿ ಬಿಟ್ಟಿದ್ದೇ ಮಾಯಾವಿಯ ಮನೆಯಲ್ಲಿ ಅನ್ನಬಹುದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಅದರ ಪ್ರಿಂಟ್ ಇವತ್ತು ಉಳಿದಿಲ್ಲ, ಅದೊಂದು ದೊಡ್ಡ ನಷ್ಟ.

ಇವರಲ್ಲಿ ಪ್ರಮುಖರು ಕಂಪನಿ ನಾಟಕದಿಂದ ಬಂದವರು. ಇದು ಮುಖ್ಯ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಪರದೆ ಎದ್ದರೆ ಅರಮನೆ, ಬಿದ್ದು ಎದ್ದರೆ ಕಾಡು. ದೇವರು ಮೇಲಿಂದ ಇಳಿಯುತ್ತಿದ್ದ, ರಾಕ್ಷಸ ಹೊಗೆಯೊಳಗಿಂದ ಬರುತ್ತಿದ್ದ. ನಮ್ಮ ಜನ ಇದನ್ನೆಲ್ಲ ಟಿಕೆಟ್ ಕೊಟ್ಟು ನೋಡಿ ಪಳಗಿದ್ದರು. ಸಿನಿಮಾ ಬಂದಾಗ ಮಾಯೆ ಅವರಿಗೆ ಹೊಸದಾಗಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತವನಿಗೂ ರಾವಣನ ಕಣ್ಣು ಅಷ್ಟು ಹತ್ತಿರ ಕಂಡಿದ್ದು ಹೊಸದು.

ಪುರಾಣದ ಕಥೆ ಮೊದಲೇ ಗೊತ್ತಿರುತ್ತಲ್ಲ, ಮತ್ತೆ ಯಾಕೆ ನೋಡಬೇಕು?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ‘ಕೊನೆಗೆ ಏನಾಗುತ್ತೆ’ ಅಂತ ತಿಳಿಯಲು ಯಾರೂ ‘ಭಕ್ತ ಪ್ರಹ್ಲಾದ’ಕ್ಕೆ ಹೋಗುವುದಿಲ್ಲ. ‘ಹೇಗೆ ಸಿಕ್ಕಿಬೀಳ್ತಾನೆ’ ಅಂತ ನೋಡಲು ಹೋಗುತ್ತಾರೆ.

ನಮ್ಮ ಕಥೆಗಳ ಇಂಜಿನ್ನೇ ವರ. ವರ ಅಂದರೆ ಬೆಂಗಳೂರಿನ ಬಾಡಿಗೆ ಕರಾರು ಪತ್ರ ಇದ್ದ ಹಾಗೆ: ಓದದೆ ಬಿಟ್ಟ ಒಂದು ಷರತ್ತು ಕೊನೆಗೆ ಕುತ್ತಿಗೆಗೆ ಬರುತ್ತದೆ. ಹಿರಣ್ಯಕಶಿಪು ಎಷ್ಟು ಜಾಣ ನೋಡಿ. ಮನುಷ್ಯನಿಂದ ಸಾಯಬಾರದು, ಮೃಗದಿಂದಲೂ ಸಾಯಬಾರದು. ಹಗಲೂ ಬೇಡ, ರಾತ್ರಿಯೂ ಬೇಡ. ಒಳಗೂ ಅಲ್ಲ, ಹೊರಗೂ ಅಲ್ಲ. ನೆಲದ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ. ಆಯುಧವೂ ಬೇಡ. ಎಲ್ಲ ಬಾಗಿಲಿಗೂ ಬೀಗ ಹಾಕಿದ. ವಿಷ್ಣು ಬೀಗ ಒಡೆಯಲೇ ಇಲ್ಲ. ನರಸಿಂಹನಾಗಿ, ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲೆ ಹಾಕಿಕೊಂಡು, ಉಗುರಿನಿಂದ ಮುಗಿಸಿದ. ಕೊಟ್ಟ ಮಾತಿನಲ್ಲಿ ಒಂದು ಅಕ್ಷರವೂ ಮುರಿಯಲಿಲ್ಲ. ಇಂಥ ಚಿತ್ರಕಥೆ ಬರೆಯಲು ಇವತ್ತಿಗೂ ಬೆವರು ಇಳಿಸಬೇಕು.

1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಮಗ ಪುನೀತ್ ಪ್ರಹ್ಲಾದ, ಅನಂತನಾಗ್ ನಾರದ. ಅದರಲ್ಲಿ ಗ್ರಾಫಿಕ್ಸ್ ಹುಡುಕಬೇಡಿ. ಅಪ್ಪ ಮಗನನ್ನು ಗದರಿಸುವ ದೃಶ್ಯಗಳನ್ನು ನೋಡಿ. ಧ್ವನಿಯಲ್ಲಿ ಗುಡುಗು, ಕಣ್ಣಲ್ಲಿ ಮಾತ್ರ ಮಗನ ಮೇಲಿನ ಮೋಹ. ರಾಕ್ಷಸನಿಗೆ ಮಗನನ್ನು ಕೊಲ್ಲಲು ಮನಸ್ಸಿಲ್ಲ, ಬಿಡಲು ಅಹಂಕಾರ ಒಪ್ಪುವುದಿಲ್ಲ. ಕಂಬ ಒಡೆಯುವ ಮೊದಲೇ ಅವನು ಒಡೆದಿರುತ್ತಾನೆ.

1958ರ ‘ಭೂಕೈಲಾಸ’ವೂ ಇದೇ ಜಾತಿ. ರಾವಣನಿಗೆ ಆತ್ಮಲಿಂಗ ಸಿಗುತ್ತದೆ, ಆದರೆ ಲಂಕೆ ತಲುಪುವವರೆಗೆ ನೆಲಕ್ಕೆ ಇಡುವಂತಿಲ್ಲ. ಸಂಧ್ಯಾವಂದನೆಯ ಹೊತ್ತಾಗುತ್ತದೆ. ದನ ಕಾಯುವ ಹುಡುಗನ ವೇಷದಲ್ಲಿ ಗಣಪತಿ ನಿಂತಿರುತ್ತಾನೆ. ಮುಂದಿನದು ಗೋಕರ್ಣಕ್ಕೆ ಹೋದವರಿಗೆಲ್ಲ ಗೊತ್ತು.

ಹೊಸ ಸಿನಿಮಾಗಳಲ್ಲಿ ನನಗೆ ಬೇಜಾರಾಗುವುದು ಇಲ್ಲೇ. ನಾಯಕನಿಗೆ ಶಕ್ತಿ ಬರುತ್ತದೆ, ಷರತ್ತೇ ಇರುವುದಿಲ್ಲ. ಏನು ಬೇಕಾದರೂ ಮಾಡಬಲ್ಲ. ಹಾಗಾದಾಗ ನಮಗೆ ಭಯವೂ ಇಲ್ಲ, ಕುತೂಹಲವೂ ಇಲ್ಲ. ಸುಮ್ನೆ ಪಾಪ್‌ಕಾರ್ನ್ ತಿನ್ನುತ್ತಾ ಕೂರುತ್ತೇವೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಯೆ ಹೇಗೆ ತೋರಿಸುತ್ತಿದ್ದರು?

ಕ್ಯಾಮೆರಾ ನಿಲ್ಲಿಸಿ! ನಿಜ, ಮೊದಲ ಟ್ರಿಕ್ ಅಷ್ಟೇ. ಕ್ಯಾಮೆರಾ ಅಲುಗಾಡಿಸದೆ ನಿಲ್ಲಿಸುವುದು, ಮನುಷ್ಯನನ್ನು ಪಕ್ಕಕ್ಕೆ ಕಳಿಸುವುದು, ಮತ್ತೆ ಓಡಿಸುವುದು. ಪರದೆಯ ಮೇಲೆ ಮನುಷ್ಯ ಮಾಯ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಇದನ್ನು ಕಲೆ ಮಾಡಿದ. ಅವನು ವೃತ್ತಿಯಲ್ಲೇ ಜಾದೂಗಾರ. 1902ರಲ್ಲಿ ಚಂದ್ರಲೋಕದ ಪ್ರಯಾಣ ತೋರಿಸಿದ್ದೂ ಅವನೇ. ನಮ್ಮ ಕಡೆ ದಾದಾಸಾಹೇಬ್ ಫಾಲ್ಕೆ ಇಂಥ ಟ್ರಿಕ್ಕುಗಳನ್ನು ಪುರಾಣಕ್ಕೆ ಬಳಸಿದರು. 1919ರ ‘ಕಾಳಿಯ ಮರ್ದನ’ದಲ್ಲಿ ಬಾಲಕೃಷ್ಣನಾಗಿದ್ದು ಅವರ ಮಗಳು ಮಂದಾಕಿನಿ.

ಡಬಲ್ ಆ್ಯಕ್ಟಿಂಗ್ ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಲೆನ್ಸ್ ಮುಂದೆ ಅರ್ಧ ಭಾಗ ಕಪ್ಪಾಗಿ ಮುಚ್ಚುತ್ತಿದ್ದರು. ನಟ ಎಡಗಡೆ ನಿಂತು ಅಭಿನಯಿಸುತ್ತಿದ್ದ. ಆಮೇಲೆ ಫಿಲ್ಮನ್ನು ಅಷ್ಟೇ ಹಿಂದಕ್ಕೆ ಸುತ್ತಿ, ಈ ಸಲ ಎಡಗಡೆ ಮುಚ್ಚಿ, ವೇಷ ಬದಲಿಸಿಕೊಂಡು ಬಂದ ನಟನನ್ನು ಬಲಗಡೆ ನಿಲ್ಲಿಸುತ್ತಿದ್ದರು. ಎರಡೂ ಒಂದೇ ಫಿಲ್ಮಿನ ಮೇಲೆ. ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಅಲ್ಲಾಡಿದರೂ ಕೆಲಸ ಕೆಟ್ಟಿತು. ಹಳೆ ಸಿನಿಮಾಗಳಲ್ಲಿ ಇಬ್ಬರ ನಡುವೆ ಒಂದು ಕಂಬವೋ ಬಾಗಿಲ ಚೌಕಟ್ಟೋ ಕಂಡರೆ ಅರ್ಥ ಮಾಡಿಕೊಳ್ಳಿ, ಕೂಡಿಸಿದ ಗೆರೆ ಅದರ ಹಿಂದೆ ಅಡಗಿದೆ. ಒಬ್ಬನ ಬೆನ್ನು ಮಾತ್ರ ಕಂಡರೆ ಅದು ಡೂಪ್.

ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಬಭ್ರುವಾಹನ’ದಲ್ಲಿ (1977) ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ-ಮಗ ಎದುರೆದುರು ನಿಂತು ಒಬ್ಬರನ್ನೊಬ್ಬರು ಹಂಗಿಸುವ ಹಾಡಿದೆ. ಅಲ್ಲಿ ಒಂದು ಧ್ವನಿ ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್ ಅವರದು. ನಿಲುವು ಬೇರೆ, ಗರ್ವದ ಬಗೆ ಬೇರೆ, ಗಂಟಲೂ ಬೇರೆ. ಕಣ್ಣಿಗಿಂತ ಮೊದಲು ಕಿವಿ ಮೋಸ ಹೋಗುತ್ತದೆ. ಕಥೆಯೂ ಸಾಮಾನ್ಯದ್ದಲ್ಲ: ಮಗನ ಕೈಯಲ್ಲಿ ಸತ್ತ ಅರ್ಜುನ ನಾಗಲೋಕದ ಮಣಿಯಿಂದ ಎದ್ದು ಬರುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ, ಗಮಕ ಕೇಳಿದವರಿಗೆ ಇದು ಮನೆಯ ಕಥೆ.

ತೆಲುಗು-ತಮಿಳಿನಲ್ಲಿ ಬಂದ ‘ಮಾಯಾಬಜಾರ್’ (1957) ಬಗ್ಗೆ ಹೇಳದೆ ಇರಲಾಗದು. ಘಟೋತ್ಕಚ ಮದುವೆ ಊಟವನ್ನು ಒಬ್ಬನೇ ಖಾಲಿ ಮಾಡುವ ದೃಶ್ಯದಲ್ಲಿ ಲಾಡುಗಳು ತಾವೇ ಹಾರಿ ಅವನ ಬಾಯಿಗೆ ಬೀಳುತ್ತವೆ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ. ಈಗಿನ ಮಕ್ಕಳಿಗೂ ತೋರಿಸಿ ನೋಡಿ, ಮೊಬೈಲ್ ಕೆಳಗಿಡುತ್ತಾರೆ.

ನೀಲಿ ಪರದೆ, ಹಸಿರು ಪರದೆ ಅಂತಾರಲ್ಲ, ಅದು ಯಾವಾಗಿನದು?

ಇದರಲ್ಲಿ ನಮ್ಮ ಮೈಸೂರು ಸೀಮೆಯ ಒಬ್ಬ ಹುಡುಗ ಇದ್ದಾನೆ. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ, ಸಾಬು. 1937ರ ‘ಎಲಿಫೆಂಟ್ ಬಾಯ್’ ಸಿನಿಮಾಕ್ಕೆ ಆಯ್ಕೆಯಾಗಿ, ಇಂಗ್ಲೆಂಡಿಗೆ ಹೋಗಿ, ದೊಡ್ಡ ಸ್ಟಾರ್ ಆದ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಕಳ್ಳ ಹುಡುಗ ಅವನೇ. ಸೀಸೆಯಿಂದ ಬೆಟ್ಟದಷ್ಟು ದೊಡ್ಡ ಜಿನ್ ಹೊರಬರುತ್ತದೆ, ಅದರ ಪಾದದ ಪಕ್ಕ ಸಾಬು ಇರುವೆಯಷ್ಟು ಕಾಣುತ್ತಾನೆ. ನಟರನ್ನು ನೀಲಿ ಹಿನ್ನೆಲೆಯ ಮುಂದೆ ನಿಲ್ಲಿಸಿ, ಆ ನೀಲಿಯನ್ನು ತೆಗೆದು ಬೇರೆ ಚಿತ್ರ ಕೂಡಿಸುವ ವಿಧಾನ ಬಣ್ಣದ ಸಿನಿಮಾದಲ್ಲಿ ಹೆಸರು ಮಾಡಿದ್ದು ಇಲ್ಲೇ. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು.

ನೀಲಿ ಯಾಕೆ ಅಂದರೆ ಮನುಷ್ಯರ ಚರ್ಮದಲ್ಲಿ ಆ ಬಣ್ಣ ಕಡಿಮೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹಸಿರು ಜಾಸ್ತಿ ಆಯಿತು. ಅವುಗಳ ಸೆನ್ಸರ್ ಹಸಿರನ್ನೇ ಹೆಚ್ಚು ಸ್ಪಷ್ಟವಾಗಿ ಹಿಡಿಯುತ್ತದೆ, ಬೆಳಕೂ ಕಡಿಮೆ ಸಾಕು. ಹಸಿರು ಸೀರೆ ಉಟ್ಟ ರಾಣಿ ಇದ್ದರೆ ಮಾತ್ರ ಮತ್ತೆ ನೀಲಿಗೆ ಹೋಗಬೇಕು.

ಇಂಥ ಗ್ರಾಫಿಕ್ಸ್ ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಾ?

ನಡೆಯುತ್ತದೆ, ತುಂಬ ವರ್ಷದಿಂದ. 2016ರ ಹಾಲಿವುಡ್ ‘ಜಂಗಲ್ ಬುಕ್’ನಲ್ಲಿ ಮೋಗ್ಲಿ ಒಬ್ಬನೇ ನಿಜ, ಉಳಿದ ಕಾಡು-ಪ್ರಾಣಿ ಎಲ್ಲ ಕಂಪ್ಯೂಟರ್. ಅದರಲ್ಲಿ ಎಂಪಿಸಿ ಸ್ಟುಡಿಯೋದ ಬೆಂಗಳೂರು ಶಾಖೆಯವರ ಕೈಯೂ ಇತ್ತು. ಚಿತ್ರಕ್ಕೆ ವಿಶುವಲ್ ಎಫೆಕ್ಟ್ಸ್ ಆಸ್ಕರ್ ಬಂತು. 1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾಗಿದ್ದವನು ಅದೇ ಕಾರಾಪುರದ ಸಾಬು. ಒಂದೇ ಕಥೆಗೆ ಈ ರಾಜ್ಯದಿಂದ ಒಮ್ಮೆ ಹುಡುಗ ಹೋದ, ಇನ್ನೊಮ್ಮೆ ಕಾಡೇ ಇಲ್ಲಿಂದ ಹೋಯಿತು.

ಆ್ಯನಿಮೇಷನ್, ಗೇಮಿಂಗ್, ವಿಎಫ್‌ಎಕ್ಸ್‌ಗೆಂದೇ (ಅಂದರೆ ವಿಶುವಲ್ ಎಫೆಕ್ಟ್ಸ್) ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯವೂ ಕರ್ನಾಟಕವೇ, 2012ರಲ್ಲಿ. ಆದರೆ ಕೆಲಸ ಸೇರುವ ಆಸೆಯಿಂದ ಕೇಳುವವರಿಗೆ ಇನ್ನೊಂದು ಮುಖವನ್ನೂ ಹೇಳಬೇಕು. ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ 2025ರಲ್ಲಿ ಕುಸಿದಾಗ ಇಲ್ಲಿನ ಕಲಾವಿದರೂ ಬೀದಿಗೆ ಬಿದ್ದರು. ಹೊಸಬರಿಗೆ ಸಿಗುವ ಕೆಲಸ ಡ್ರ್ಯಾಗನ್ ಬಿಡಿಸುವುದಲ್ಲ. ರೋಟೋ, ಅಂದರೆ ಒಂದೊಂದೇ ಫ್ರೇಮಿನಲ್ಲಿ ನಟನ ಅಂಚು ಕತ್ತರಿಸುವುದು. ಸೆಕೆಂಡಿಗೆ 24 ಫ್ರೇಮ್. ನಾಯಕಿಯ ಕೂದಲು ಗಾಳಿಗೆ ಹಾರುವ ಶಾಟ್ ಸಿಕ್ಕಿತೋ, ಆ ವಾರ ನಿದ್ದೆ ಮರೆಯಿರಿ.

‘ಕಾಂತಾರ’ ಫ್ಯಾಂಟಸಿನಾ?

ಕರಾವಳಿಯವರ ಮುಂದೆ ಹಾಗೆ ಕೇಳಬೇಡಿ. ಪಂಜುರ್ಲಿ, ಗುಳಿಗ ಅವರಿಗೆ ಪಾತ್ರಗಳಲ್ಲ. ಮನೆಯ ದೈವ, ಹೊತ್ತಿಗೆ ಸರಿಯಾಗಿ ಕೋಲ (ವೇಷ ಕಟ್ಟಿ ನಡೆಸುವ ಆರಾಧನೆ) ಸಲ್ಲಬೇಕಾದವರು. ರಿಷಬ್ ಶೆಟ್ಟಿ 2022ರಲ್ಲಿ ಮಾಡಿದ ಸಿನಿಮಾ ದೈವದ ಮಾತನ್ನೇ ಕಥೆಯ ಷರತ್ತು ಮಾಡಿಕೊಂಡಿತು: ರಾಜ ಭೂಮಿ ಕೊಟ್ಟ, ವಾಪಸ್ ಕೇಳುವಂತಿಲ್ಲ. ಮತ್ತೆ ಅದೇ ನೋಡಿ, ವರ ಮತ್ತು ಕರಾರು. ಕೊಟ್ಟ ಮಾತು ತಪ್ಪಿದವನಿಗೆ ಏನಾಗುತ್ತದೆ ಅನ್ನುವುದೇ ಇಡೀ ಕಥೆ. ಅದಕ್ಕೇ ಕರಾವಳಿ ಗೊತ್ತಿಲ್ಲದವರಿಗೂ ತಟ್ಟಿತು. ರಿಷಬ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯೂ ಬಂತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಚಾಪ್ಟರ್ 1’ ಕದಂಬರ ಕಾಲಕ್ಕೆ ಹಿಂದೆ ಹೋಗುತ್ತದೆ. ಗ್ರಾಫಿಕ್ಸ್ ಜಾಸ್ತಿ. ನನಗೆ ಮೊದಲನೆಯದರ ಕೊನೆಯ ಕೂಗೇ ಹೆಚ್ಚು.

ಒಂದು ವಿನಂತಿ. ಥಿಯೇಟರ್‌ನಲ್ಲಿ ದೈವದ ಹಾಗೆ ಕುಣಿದು ರೀಲ್ಸ್ ಮಾಡಬೇಡಿ. ಕಟ್ಟುನಿಟ್ಟು, ನೇಮ ಇಟ್ಟುಕೊಂಡು ಕೋಲ ಕಟ್ಟುವವರಿಗೆ ಅದು ನೋವು.

ಹಾವಿನ ಸಿನಿಮಾಗಳಲ್ಲಿ ಒಳ್ಳೆಯದು ಯಾವುದು?

‘ನಾಗಮಂಡಲ’ (1997), ಎರಡು ಮಾತಿಲ್ಲ. ಗಿರೀಶ ಕಾರ್ನಾಡರ ನಾಟಕ, ನಿರ್ದೇಶನ ಟಿ.ಎಸ್. ನಾಗಾಭರಣ. ಗಂಡ ಹೆಂಡತಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಹಾಕಿ ಹೋಗುತ್ತಾನೆ. ಮುದುಕಿಯೊಬ್ಬಳು ವಶೀಕರಣದ ಬೇರು ಕೊಡುತ್ತಾಳೆ. ಅದನ್ನು ಅರೆದು ಹಾಕಿದ ಸಾರು ಕೆಂಪಗೆ ಕುದಿಯುತ್ತದೆ. ಹೆದರಿದ ಹುಡುಗಿ ಅದನ್ನು ಹುತ್ತಕ್ಕೆ ಸುರಿದು ಬರುತ್ತಾಳೆ. ಕುಡಿದ ನಾಗ ರಾತ್ರಿ ಗಂಡನ ರೂಪದಲ್ಲಿ ಬರುತ್ತಾನೆ. ಹಗಲಿನ ಗಂಡ ಬೈಯುತ್ತಾನೆ, ರಾತ್ರಿಯ ಗಂಡ ತಲೆ ಸವರುತ್ತಾನೆ. ಇಬ್ಬರೂ ಪ್ರಕಾಶ್ ರೈ. ಮಾಯೆ ಇಲ್ಲಿ ಅಡುಗೆಮನೆಯಲ್ಲೇ ಶುರು, ಒಂದು ಹೊಗೆ ಬಾಂಬೂ ಬೇಕಿಲ್ಲ.

2016ರ ‘ನಾಗರಹಾವು’ ಬೇರೆ ಕಾರಣಕ್ಕೆ ನೆನಪಿನಲ್ಲಿರುತ್ತದೆ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಅದರಲ್ಲಿ ಕಂಪ್ಯೂಟರ್‌ನಿಂದ ಮತ್ತೆ ತಂದರು. ಅಭಿಮಾನಕ್ಕೆ ಅದು ಹಬ್ಬ. ನನಗಂತೂ ಆ ಮುಖದಲ್ಲಿ ಅವರ ತುಂಟ ನಗು ಕಾಣಲಿಲ್ಲ.

ದೆವ್ವದ ಸಿನಿಮಾ ಈ ಗುಂಪಿಗೆ ಸೇರುತ್ತಾ?

ಊರ ಕಥೆಯಿಂದ ಹುಟ್ಟಿದ್ದರೆ ಸೇರಿಸಿಕೊಳ್ಳೋಣ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದದ್ದು ಆಗಿನವರಿಗೆ ನೆನಪಿದೆ. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ ಅದನ್ನು ಓದಿ ವಾಪಸ್ ಹೋಗುತ್ತಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೂ ಕರಾರು! ಇದೇ ಉಪಾಯ 2018ರ ಹಿಂದಿ ‘ಸ್ತ್ರೀ’ಯಲ್ಲಿ ದೊಡ್ಡ ಹಿಟ್ ಆಯಿತು. ನಮ್ಮ ಗೋಡೆಯ ಮೇಲಿನ ಕಥೆಯಿಂದ ಬೇರೆಯವರು ದುಡ್ಡು ಮಾಡಿದರು ಅನ್ನುವ ಸಣ್ಣ ಹೊಟ್ಟೆಕಿಚ್ಚು ನನಗಿದೆ.

ಬೆಂಗಳೂರಿನದೇ ದಂತಕಥೆಗಳ ಮೇಲೆ ಮಾಡಬಹುದಾದ ಸಿನಿಮಾ ಯಾವುದು?

ಕರಗ. ತಿಮಿರಾಸುರನನ್ನು ಎದುರಿಸಲು ದ್ರೌಪದಿ ಶಕ್ತಿರೂಪ ತಾಳಿ ವೀರಕುಮಾರರ ಪಡೆಯನ್ನೇ ಹುಟ್ಟಿಸಿದಳು ಅನ್ನುವುದು ತಿಗಳರ ನಂಬಿಕೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೆಣ್ಣುವೇಷದ ಪೂಜಾರಿ ಮಲ್ಲಿಗೆ ಮುಚ್ಚಿದ ಕರಗ ಹೊತ್ತು ಹೊರಡುತ್ತಾನೆ, ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ನಿಲ್ಲುತ್ತಾನೆ. ಇದಕ್ಕೆ ಸೆಟ್ ಬೇಕಾ ಹೇಳಿ? ಪೇಟೆಯ ಸಂದಿಗಳು, ಹೂವಿನ ವಾಸನೆ, ಬೆಳಗಿನ ಜಾವದ ಟ್ಯೂಬ್‌ಲೈಟ್ ಸಾಕು.

ಇನ್ನೊಂದು, ಕೆಂಪೇಗೌಡರ ಸೊಸೆಯ ಕಥೆ. ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತದೆ, ಗರ್ಭಿಣಿಯ ಬಲಿ ಬೇಕು ಅನ್ನುತ್ತಾರೆ, ಯಾರಿಗೂ ಹೇಳದೆ ಅವಳೇ ಹೋಗಿ ಪ್ರಾಣ ಕೊಡುತ್ತಾಳೆ. ಅವಳ ಗುಡಿ ಕೋರಮಂಗಲದಲ್ಲಿದೆ. ಪಬ್ಬಿಗೆ ಹೋಗುವ ದಾರಿಯಲ್ಲಿ ಎಷ್ಟು ಜನ ಅದನ್ನು ದಾಟಿರಬಹುದು. ತ್ಯಾಗ ಅಂತ ಬರೀ ಹೊಗಳದೆ, ಕೇಳಿದವರು ಯಾರು ಅಂತಲೂ ಕೇಳುವ ನಿರ್ದೇಶಕಿ ಬೇಕು.

ಮಕ್ಕಳಿಗೆ ತೋರಿಸಬಹುದಾ?

ಸರ್ಟಿಫಿಕೇಟ್ ನೋಡಿ. ಮೊದಲು ಬರೀ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅಂತ) ಇತ್ತು. ಈಗ ಯುಎ 7+, 13+, 16+ ಅಂತ ಮೂರು ಭಾಗ ಇದೆ. ಪುರಾಣ ಅಂದ ಮಾತ್ರಕ್ಕೆ ಮಕ್ಕಳ ಸಿನಿಮಾ ಆಗಲ್ಲ, ಕರುಳು ಬಗೆಯುವ ದೃಶ್ಯ ಎಷ್ಟಾದರೂ ಅದೇ. ಆ್ಯನಿಮೇಷನ್ ಕೂಡ ಮಕ್ಕಳಿಗೇ ಅಂತ ಇಲ್ಲ. ಜಪಾನಿನ ನಿರ್ದೇಶಕ ಮಿಯಾಝಾಕಿಯ ‘ಸ್ಪಿರಿಟೆಡ್ ಅವೇ’ (2001) ಅದ್ಭುತ, ಆದರೆ ಅಪ್ಪ-ಅಮ್ಮ ಹಂದಿಯಾಗುವ ದೃಶ್ಯಕ್ಕೆ ಸಣ್ಣವರು ಬೆಚ್ಚಿಬೀಳುತ್ತಾರೆ. ಪಕ್ಕದಲ್ಲಿ ನೀವಿರಿ.

ಹಾಲಿವುಡ್ ಮಾಯೆಯ ಸಿನಿಮಾಗಳು ಕನ್ನಡದಲ್ಲಿ ಇಷ್ಟು ವರ್ಷ ಯಾಕೆ ಇರಲಿಲ್ಲ?

ಡಬ್ಬಿಂಗ್ ವಿರೋಧ. 1960ರ ದಶಕದ ಹೋರಾಟದ ನಂತರ ಡಬ್ಬಿಂಗ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಆಗ ಅದಕ್ಕೆ ಕಾರಣವೂ ಇತ್ತು, ಇಲ್ಲಿನ ಉದ್ಯಮ ತುಂಬ ಚಿಕ್ಕದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂದಿತು, 2017ರಿಂದ ಡಬ್ ಸಿನಿಮಾ ಮತ್ತೆ ಬಂದವು. ದೊಡ್ಡವರ ವಾದ ಏನೇ ಇರಲಿ, ಮಂತ್ರದಂಡದ ಕಥೆಯನ್ನು ತನ್ನ ಭಾಷೆಯಲ್ಲಿ ಕೇಳುವ ಅವಕಾಶ ಎರಡು ತಲೆಮಾರಿನ ಕನ್ನಡ ಮಕ್ಕಳಿಗೆ ತಪ್ಪಿತು ಅನ್ನುವುದು ನನ್ನ ಅನಿಸಿಕೆ.

3ಡಿಯಲ್ಲೇ ನೋಡಬೇಕಾ?

ಬೇಕಿಲ್ಲ. ಕನ್ನಡದಲ್ಲಿ ‘ಕಠಾರಿವೀರ ಸುರಸುಂದರಾಂಗಿ’ (2012), ‘ಕುರುಕ್ಷೇತ್ರ’ (2019) 3ಡಿಯಲ್ಲಿ ಬಂದವು. ಕನ್ನಡಕ ಹಾಕಿದರೆ ಚಿತ್ರ ಸ್ವಲ್ಪ ಮಂಕಾಗುತ್ತದೆ, ರಾತ್ರಿ ದೃಶ್ಯ ಜಾಸ್ತಿ ಇದ್ದರೆ 2ಡಿಯೇ ವಾಸಿ.

ನಾನೇ ಇಂಥ ಕಥೆ ಬರೆಯಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡಲಿ?

ಡ್ರ್ಯಾಗನ್‌ನಿಂದ ಬೇಡ. ನಿಮ್ಮ ಕಡೆಯ ಒಂದು ನಂಬಿಕೆ ತೆಗೆದುಕೊಳ್ಳಿ. ಮುಸ್ಸಂಜೆಯಲ್ಲಿ ಉಗುರು ಕತ್ತರಿಸಬಾರದು, ಹುಣಸೆ ಮರದ ಕೆಳಗೆ ಮಲಗಬಾರದು, ಏನಾದರೂ ಸರಿ. ಅದಕ್ಕೊಂದು ಷರತ್ತು ಬರೆಯಿರಿ, ಹೊಸ್ತಿಲಿನಷ್ಟು ಸ್ಪಷ್ಟವಾಗಿ. ಅದನ್ನು ಮುರಿದರೆ ಯಾರು ಏನು ಕಳೆದುಕೊಳ್ಳುತ್ತಾರೆ ಅಂತ ತೀರ್ಮಾನಿಸಿ. ಆಮೇಲೆ, ಮುರಿಯಲೇಬೇಕಾದ ಇಕ್ಕಟ್ಟಿಗೆ ನಿಮ್ಮ ನಾಯಕಿಯನ್ನು ತಂದು ನಿಲ್ಲಿಸಿ. ಈ ಮೂರು ಮಾತು ಒಂದು ಹಾಳೆಯಲ್ಲಿ ಹಿಡಿಸದಿದ್ದರೆ ಗ್ರಾಫಿಕ್ಸ್‌ನವರ ಹತ್ತಿರ ಹೋಗಬೇಡಿ. ಹಿಡಿಸಿದರೆ ಮೊದಲು ಮನೆಯಲ್ಲಿ ಅಜ್ಜಿಗೆ ಹೇಳಿ ನೋಡಿ. ಎಲ್ಲಿ ತೂತಿದೆ ಅಂತ ಅವರು ಅಲ್ಲೇ ಹಿಡಿದುಬಿಡುತ್ತಾರೆ.